ವಾರಿಜಳ ಪ್ರಾಯ

ಪೆಟ್ಟಿಗೆಯ ಲೆಕ್ಕದಲ್ಲಿ ನನಗೆ ಮೂರು ವರ್ಷದ ಹಿಂದೆಯೇ ಎಪ್ಪತ್ತನಾಲ್ಕು ಆಗಿತ್ತು. ಶಾಲೆಯ ಪುಸ್ತಕವನ್ನು ನಂಬುವುದಾದರೆ ಆಗ ನನಗೆ ಅರವತ್ತೇಳು. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆ ಪುಸ್ತಕದಲ್ಲಿ ಮಾಸ್ಟ್ರು ಬರೆದ ತಾರೀಕು ಕೂಡ ನನ್ನ ಅಮ್ಮ ಬೆರಳು ಮಡಚಿ ಅಂದಾಜಿನಲ್ಲಿ ಹೇಳಿದ್ದು. ಹಾಗಾಗಿ ನನ್ನ ಸರಿಯಾದ ಪ್ರಾಯ ಎಷ್ಟೆಂದು ಕೇಳಿದರೆ ಹೇಳಲಾರೆ. ಒಂದು ಮಾತ್ರ ಹೇಳಬಲ್ಲೆ. ಆ ಎಪ್ಪತ್ತನಾಲ್ಕು ನನ್ನದಲ್ಲ.

ಸರ್ಕಾರ ಆ ಯಂತ್ರಕ್ಕೆ ಇಟ್ಟ ಹೆಸರು ದೊಡ್ಡದು, ದೇಹವಯೋಮಾಪಕ ಅಂತ. ನಮ್ಮ ಕಡೆ ವಯಸ್ಸಿಗೆ ಪ್ರಾಯ ಎನ್ನುವುದು, ಆದ್ದರಿಂದ ಊರಿನವರ ಬಾಯಲ್ಲಿ ಅದು ಪ್ರಾಯದ ಪೆಟ್ಟಿಗೆ ಆಯಿತು. ಅದಕ್ಕಿಂತ ಮೊದಲು ಮುದುಕರ ಆರೋಗ್ಯ ವಿಮೆ ಸಿಗಬೇಕಾದರೆ ಕಾಗದದಲ್ಲಿ ಎಪ್ಪತ್ತು ತುಂಬಿರಬೇಕಿತ್ತು. ನಮ್ಮ ಹೊಳೆಬದಿಯ ಕೇರಿಯಲ್ಲಿ ಅರ್ಧಕ್ಕರ್ಧ ಜನರ ಕಾಗದದಲ್ಲಿ ಹುಟ್ಟಿದ ದಿನ ಜನವರಿ ಒಂದು. ಸರಿಯಾದ ತಾರೀಕು ಇದ್ದವರು ಎಪ್ಪತ್ತು ತುಂಬುವ ಮೊದಲೇ ಹೋಗಿಬಿಡುತ್ತಿದ್ದರು. ಇದು ಅನ್ಯಾಯ ಎಂದು ದೊಡ್ಡವರಿಗೆ ಕಂಡಿರಬೇಕು. ಕಾಗದ ಬೇಡ, ದೇಹ ಎಷ್ಟು ಸವೆದಿದೆ ಎಂದು ನೋಡಿ ಕಾರ್ಡು ಕೊಡುವ ಎಂದು ಹೊಸ ಕಾನೂನು ಬಂತು. ಪೆಟ್ಟಿಗೆ ಎಪ್ಪತ್ತು ಎಂದರೆ ಎಪ್ಪತ್ತು. ಹುಟ್ಟಿದ್ದು ಯಾವಾಗ ಎಂದು ಮತ್ತೆ ಯಾರೂ ಕೇಳುವುದಿಲ್ಲ.

ಆಶಾ ಕಾರ್ಯಕರ್ತೆ ಪ್ರಮೀಳ ಪಂಚಾಯತ್ ಹಾಲಿನಲ್ಲಿ ನಮ್ಮನ್ನೆಲ್ಲ ಕೂರಿಸಿ ವಿವರಿಸಿದಳು. ರಕ್ತದ ಕಣದೊಳಗೆ ಕಣ್ಣಿಗೆ ಕಾಣದ ಒಂದು ನೂಲು ಉಂಟಂತೆ. ದಿನ ಹೋದ ಹಾಗೆ ಆ ನೂಲಿನ ಮೇಲೆ ಸಣ್ಣ ಸಣ್ಣ ಚುಕ್ಕೆ ಬೀಳುತ್ತದಂತೆ. ಹಸಿವೆಗೆ, ಹೊಗೆಗೆ, ನಿದ್ದೆಗೆಟ್ಟದ್ದಕ್ಕೆ, ಎಲ್ಲದಕ್ಕೂ ಬೇರೆ ಬೇರೆ ಚುಕ್ಕೆ. ಪೆಟ್ಟಿಗೆ ಓದುವುದು ಅದನ್ನು. ಅರ್ಜಿಗೆ ಬೇಕಾದದ್ದು ರೇಷನ್ ಕಾರ್ಡು, ಫೋನ್ ನಂಬ್ರ, ಒಂದು ಹನಿ ರಕ್ತ, ಅಷ್ಟೇ. ಅವಳು ಹೆಸರು ಬರೆದ ಒಂದು ದಪ್ಪ ಕಾಗದ ಕೊಡುತ್ತಾಳೆ, ಅದರಲ್ಲಿ ನಾಣ್ಯದಷ್ಟು ಒಂದು ವೃತ್ತ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬೆರಳು ಚುಚ್ಚಿ ಅದರೊಳಗೆ ಒಂದು ಹನಿ ಬಿಟ್ಟು ಒಣಗಿಸಿ ಇಡಬೇಕು. ಹತ್ತು ಗಂಟೆಗೆ ಬಂದು ಕೊಂಡುಹೋಗುತ್ತಾಳೆ.

"ಗಂಡಸಾ, ಹೆಂಗಸಾ, ಯಾವ ಜಾತಿ, ಅದೆಲ್ಲ ಪೆಟ್ಟಿಗೆ ರಕ್ತದಲ್ಲಿ ನೋಡುದಿಲ್ಲ. ನೋಡ್ಲಿಕ್ಕೇ ಬಾರದು ಅಂತ ಕಾನೂನು ಉಂಟು" ಎಂದಳು ಪ್ರಮೀಳ.

ಮೊದಲ ಪಟ್ಟಿ ಬಂದ ದಿನ ಕೇರಿಯಲ್ಲಿ ನಗೆಯೋ ನಗೆ. ಪಕ್ಕದ ಮನೆಯ ಸೆಲಿನ್ ಬಾಯಿಗೆ ಕಾಗದದಲ್ಲಿ ಐವತ್ತೆಂಟು. ಪೆಟ್ಟಿಗೆಯಲ್ಲಿ ಎಪ್ಪತ್ತೆರಡು.

"ಎಪ್ಪತ್ತೆರಡು ಮಾರಾಯ್ತಿ!" ಎಂದು ಅವಳು ಬೇಲಿಯ ಆಚೆಯಿಂದಲೇ ನನ್ನ ಹೆಂಡತಿ ವಾರಿಜಳಿಗೆ ಕೂಗಿದಳು. "ನನ್ನ ಅಮ್ಮನಿಗೆ ಈಗ ಎಪ್ಪತ್ತೊಂದು. ಇನ್ನು ಅವಳು ನನ್ನನ್ನು ಅಕ್ಕ ಅಂತ ಕರೀಬೇಕಾ ಎಂತ?"

"ಕಾರ್ಡು ಸಿಕ್ಕಿತಲ್ಲ ಬಾಯಿ, ಅಕ್ಕ ಆದ್ರೆ ಆಯ್ತು" ಎಂದು ವಾರಿಜ ನಕ್ಕಳು.

ಬೀಡಿ ಕಟ್ಟಿದ ಹೆಂಗಸರಿಗೆಲ್ಲ ಹಾಗೆಯೇ ಬಂತು. ಹತ್ತು, ಹನ್ನೆರಡು, ಹದಿನಾಲ್ಕು ವರ್ಷ ಜಾಸ್ತಿ. ಬೀಡಿಯ ಕಾಲ ಮುಗಿದು ಎಷ್ಟೋ ವರ್ಷವಾಗಿತ್ತು. ಆದರೆ ಮಡಿಲಲ್ಲಿ ಮೊರ ಇಟ್ಟು ಹೊಗೆಸೊಪ್ಪಿನ ಪುಡಿಯ ಮೇಲೆ ಬಗ್ಗಿ ಕೂತ ಮೂವತ್ತು ವರ್ಷ ಆ ನೂಲಿನಿಂದ ಹೋಗಿರಲಿಲ್ಲ.

ನನಗೆ ಬಂದದ್ದು ಅರವತ್ತಮೂರು.

"ನಿಮ್ಮದು ಹುಡುಗನ ದೇಹ ಶೀನಣ್ಣ" ಎಂದಳು ಪ್ರಮೀಳ. ನಗಲಿಲ್ಲ. ನನ್ನ ಎದೆಯ ವಿಷಯ ಅವಳಿಗೆ ಗೊತ್ತಿತ್ತು.

ನನ್ನ ಹೃದಯದ ಒಂದು ಕವಾಟ ಹುಟ್ಟಿನಿಂದಲೇ ಸರಿ ಇರಲಿಲ್ಲವಂತೆ. ಅರವತ್ತು ವರ್ಷ ಹೇಗೋ ನಡೆದು, ಈಗ ಅದರ ಬಾಯಿ ಬೆಂಕಿಕಡ್ಡಿ ತೂರುವಷ್ಟಕ್ಕೆ ಬಂದಿತ್ತು. ಬಾವಿಯಿಂದ ಎರಡು ಕೊಡ ನೀರು ಸೇದಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಆರು ತಿಂಗಳಲ್ಲಿ ಬದಲಾಯಿಸದಿದ್ದರೆ ಏನೂ ಹೇಳಲಾಗದು ಎಂದಿದ್ದರು ಆಸ್ಪತ್ರೆಯಲ್ಲಿ. ಕೈಯಿಂದ ಕೊಟ್ಟು ಮಾಡಿಸುವ ಮಾತು ನಮಗೆ ಇರಲಿಲ್ಲ. ಪೆಟ್ಟಿಗೆ ಲೆಕ್ಕ ಹಾಕುವುದು ಸವೆತವನ್ನು, ಹುಟ್ಟಿನ ದೋಷವನ್ನಲ್ಲ. ಬೇಕಾದರೆ ಇನ್ನೊಂದು ಸಲ ಹನಿ ಕಳಿಸಬಹುದು, ಹಳೆಯದನ್ನು ಸುಟ್ಟುಬಿಡುತ್ತಾರೆ ಎಂದು ಹೇಳಿ ಪ್ರಮೀಳ ಹೊಸ ಕಾಗದವೊಂದನ್ನು ಬಿಟ್ಟುಹೋದಳು. ಮೇಲೆ ನನ್ನ ಹೆಸರು. ಕೆಳಗೆ ಖಾಲಿ ವೃತ್ತ.

ಮರುದಿನ ಬೆಳಿಗ್ಗೆ ಸೂಜಿ ಹಿಡಿದು ಜಗಲಿಯಲ್ಲಿ ಕೂತೆ. ವಾರಿಜ ಬಂದು ಕಾಗದವನ್ನು ತನ್ನ ಮಂಡಿಯ ಮೇಲೆ ಎಳೆದುಕೊಂಡಳು.

"ನಿಮ್ಮದು ಹಾಕಿ ಎಂತ ಪ್ರಯೋಜನ? ಪುನಃ ಅರವತ್ತಮೂರು ಬರ್ತದೆ."

"ಮತ್ತೆಂತ ಮಾಡುದು?"

"ನನ್ನದು ಹಾಕುವ."

ನಾನು ಅವಳ ಮುಖ ನೋಡಿದೆ. ಅವಳು ಸೂಜಿಯನ್ನು ತೆಗೆದುಕೊಂಡು ಒರೆಸುತ್ತಿದ್ದಳು.

"ನಿಮ್ಮ ಹಂಚಿನ ಕಾರ್ಖಾನೆ ಮುಚ್ಚಿದ ಮೇಲೆ ಹದಿನಾಲ್ಕು ವರ್ಷ ನೀವು ಕಟ್ಟಿದ ಬೀಡಿ ಎಲ್ಲ ನನ್ನ ಪಾಸ್ ಪುಸ್ತಕದಲ್ಲಿ ಹೋಗ್ಲಿಲ್ವಾ? ಈಗ ನನ್ನ ರಕ್ತ ನಿಮ್ಮ ಪುಸ್ತಕದಲ್ಲಿ ಹೋಗ್ಲಿ."

ಬೇರೆ ಊರಿನವರಿಗೆ ಇದು ಮೋಸ ಎಂದು ಕಾಣಬಹುದು. ನಮಗೆ ಹಾಗೆ ಕಾಣಲಿಲ್ಲ, ಅದನ್ನು ಸ್ವಲ್ಪ ಹೇಳಬೇಕು. ಕಟ್ಟಿದ ಬೀಡಿಯ ಲೆಕ್ಕ ಬರೆಯಲು ಕಂಪನಿಯವರು ಪಾಸ್ ಪುಸ್ತಕ ಕೊಡುತ್ತಿದ್ದದ್ದು ಮನೆಗೆ ಒಂದು, ಅದೂ ಹೆಂಗಸಿನ ಹೆಸರಿಗೆ. ಕಟ್ಟುವುದು ಎಲ್ಲರೂ. ಗಂಡ, ಅತ್ತೆ, ನಾದಿನಿ, ಶಾಲೆಯಿಂದ ಬಂದ ಮಕ್ಕಳು. ಸಂಜೆ ಎಲ್ಲರ ಬೀಡಿ ಒಂದೇ ಮೊರದಲ್ಲಿ ರಾಶಿ ಬೀಳುತ್ತಿತ್ತು. ಇದು ಯಾರು ಕಟ್ಟಿದ್ದು ಎಂದು ಆಮೇಲೆ ದೇವರಿಗೂ ಗೊತ್ತಾಗದು. ನಮಗೆ ಮಕ್ಕಳಿಲ್ಲ. ನಮ್ಮ ಮೊರದಲ್ಲಿ ಬೀಳುತ್ತಿದ್ದದ್ದು ನಾವು ಇಬ್ಬರು ಕಟ್ಟಿದ್ದು. ಬೀಡಿ ಹೊತ್ತು ಕಂಪನಿಯ ಬ್ರಾಂಚಿಗೆ ಹೋಗುತ್ತಿದ್ದವನು ನಾನು. ಅಲ್ಲಿಯ ಪುಸ್ತಕದಲ್ಲಿ ದಿನಾ ಅವಳ ಹೆಸರು ಬರೆಯಬೇಕಿತ್ತು. ಏಳನೇ ಕ್ಲಾಸು ಕಲಿತ ಅವಳೇ ನನಗೆ ಆ ಮೂರು ಅಕ್ಷರ ತಿದ್ದಿಸಿದ್ದು. ನನ್ನ ಹೆಸರಿಗಿಂತ ಅವಳ ಹೆಸರನ್ನು ನಾನು ಚೆಂದ ಬರೆಯುತ್ತೇನೆ.

"ಮತ್ತೆ ನಿನ್ನ ಕಾರ್ಡು?" ಎಂದು ಕೇಳಿದೆ. ಒಂದೇ ರಕ್ತ ಎರಡು ಹೆಸರಿನಲ್ಲಿ ಬಂದರೆ ಪೆಟ್ಟಿಗೆ ಹಿಡಿಯುತ್ತದೆ, ಎರಡು ಕಾರ್ಡೂ ಹೋಗುತ್ತದೆ ಎಂದು ಪ್ರಮೀಳ ಹಾಲಿನಲ್ಲಿ ಹೇಳಿದ್ದಳು.

"ನನಗೆ ಈಗ ಎಂತ ಆಗಿದೆ? ಗುಂಡುಕಲ್ಲಿನ ಹಾಗೆ ಇದ್ದೇನೆ. ನಿಮ್ಮದು ಮುಗೀಲಿ, ಆಮೇಲೆ ನೋಡುವ."

ಹೆಬ್ಬೆರಳಿಗೂ ತೋರುಬೆರಳಿಗೂ ಸೂಜಿ ಇಳಿಯಲಿಲ್ಲ, ಚರ್ಮ ಅಷ್ಟು ಗಟ್ಟಿ. ಕೊನೆಗೆ ಎಡಗೈಯ ಕಿರುಬೆರಳಿಗೆ ಚುಚ್ಚಿದೆವು. ಹನಿ ವೃತ್ತದ ಒಳಗೆ ಸರಿಯಾಗಿ ಬಿತ್ತು. ಅವಳು ಅದಕ್ಕೆ ಬೀಸಣಿಗೆ ಹಾಕಿ ಒಣಗಿಸಿದಳು.

ಎಪ್ಪತ್ತನಾಲ್ಕು ಬಂತು. ವಾರಿಜಳಿಗೆ ಆಗ ಅರವತ್ತು.

"ಅಬ್ಬಾ, ನಾನು ನಿಮಗಿಂತ ಹಿರಿಯವಳು" ಎಂದಳು. "ಇನ್ನು ನನ್ನ ಮಾತು ಕೇಳಬೇಕು ನೀವು."

"ಇಷ್ಟು ದಿನ ಕೇಳದ್ದು ಯಾವುದು?" ಎಂದೆ.

ಎರಡು ತಿಂಗಳಲ್ಲಿ ಕವಾಟ ಬದಲಾಯಿಸಿದರು. ನಯಾಪೈಸೆ ಕೇಳಲಿಲ್ಲ. ರಕ್ತ ಹೆಪ್ಪುಗಟ್ಟದ ಮಾತ್ರೆ ಸಾಯುವವರೆಗೆ ತಪ್ಪಿಸಬಾರದು ಎಂದರು, ಅದೂ ಕಾರ್ಡಿನಲ್ಲೇ ಬರುತ್ತಿತ್ತು. ನಾನು ನೀರು ಸೇದುವವನಾದೆ, ಸಂತೆಗೆ ನಡೆದು ಹೋಗುವವನಾದೆ. ಹನಿಯ ವಿಷಯ ನಿಧಾನಕ್ಕೆ ನನ್ನ ತಲೆಯಿಂದ ಹೋಯಿತು. ಹೇಗೆ ಹೋಯಿತು ಎಂದು ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಮೊರದಲ್ಲಿ ಬಿದ್ದ ಬೀಡಿಯ ಹಾಗೆ ಅದೂ ಬೆರೆತು ಹೋಗಿರಬೇಕು. ಕಾರ್ಡಿನಲ್ಲಿ ನನ್ನ ಹೆಸರು, ನನ್ನ ಪಟ. ಅದು ನನ್ನದೇ ಎಂದು ನಾನೂ ನಂಬಿಬಿಟ್ಟೆ.

ಆಪರೇಶನ್ ಆಗಿ ಒಂದು ವರ್ಷದ ಮೇಲೆ ಒಂದು ಬೆಳಿಗ್ಗೆ ಫೋನು ಬಂತು. ಮನೆಗೆ ಇದ್ದದ್ದು ಅದೊಂದೇ ಫೋನು. ವಾರಿಜ ಹಿತ್ತಲಿನ ಕಲ್ಲಿನಲ್ಲಿ ಕೂತು ಬೂತಾಯಿ ಮೀನು ಕೊಯ್ಯುತ್ತಿದ್ದಳು. ನಾನು ಫೋನಿನ ಸ್ವರ ಗಟ್ಟಿ ಮಾಡಿ ಇಟ್ಟೆ, ಅವಳಿಗೂ ಕೇಳಲಿ ಎಂದು. ಯಂತ್ರದ ಹೆಣ್ಣು ಸ್ವರ.

"ಶೀನಪ್ಪ ಅವರೇ, ನಮಸ್ಕಾರ. ನಮ್ಮಲ್ಲಿ ಕಾಪಿಟ್ಟಿರುವ ನಿಮ್ಮ ರಕ್ತದ ಹನಿಯನ್ನು ಮತ್ತೊಮ್ಮೆ ಓದಲಾಗಿದೆ. ನಿಮ್ಮ ಎರಡೂ ಮೂತ್ರಪಿಂಡಗಳು ಸೋಲುತ್ತಿರುವ ಲಕ್ಷಣ ಇದೆ. ನೀವು ವಿಮೆಗೆ ಅರ್ಹರು. ಮೂವತ್ತು ದಿನದೊಳಗೆ ಚಿಕಿತ್ಸೆಗೆ ಬನ್ನಿ. ತಿಳಿಯಿತು ಎಂದಾದರೆ ಒಂದು ಒತ್ತಿ."

ನನಗೆ ನಗು ತಡೆಯಲಾಗಲಿಲ್ಲ. "ನಿನ್ನೆ ರಾತ್ರಿ ಮೂರು ಸಲ ಎದ್ದು ಹೋಗಿದ್ದೇನೆ. ಇನ್ನೆಷ್ಟು ಕೆಲಸ ಮಾಡಬೇಕಂತೆ ಅವು? ಪೆಟ್ಟಿಗೆಗೆ ಅರಳುಮರಳು ಹಿಡಿದಿದೆ!"

ವಾರಿಜಳ ಕೈಯಲ್ಲಿ ಒಂದು ಮೀನು ಅರ್ಧ ಕೊಯ್ದದ್ದು ಹಾಗೆಯೇ ಇತ್ತು. ಅವಳು ಅದನ್ನೇ ನೋಡುತ್ತಿದ್ದಳು. ಆಮೇಲೆ ಉಳಿದರ್ಧ ಕೊಯ್ದು ಮುಗಿಸಿದಳು.

"ಒಂದು ಒತ್ತಿಬಿಡಿ. ಒತ್ತದಿದ್ರೆ ಪುನಃ ಪುನಃ ಕರೀತಾ ಇರ್ತದೆ" ಎಂದಳು.

ಒತ್ತಿದೆ.

ಆ ವರ್ಷದ ಕೊನೆಗೆ ಅವಳ ಕಾಲು ಬಾತುಕೊಂಡಿತು. ಕೂತು ಕೂತು ಹಾಗೆ ಆದದ್ದು ಎಂದಳು. ಮೀನು ಸಾರು ಬಾಯಿಗೆ ರುಚಿಸುವುದಿಲ್ಲ ಎಂದು ಬರೀ ಗಂಜಿ ಉಣ್ಣತೊಡಗಿದಳು. ಮೈ ತುರಿಸುತ್ತದೆ ಎಂದು ತೆಂಗಿನೆಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಪೇಟೆಯ ಡಾಕ್ಟ್ರ ಹತ್ತಿರ ಹೋಗುವ ಎಂದರೆ, ಹೋಗಿ ಬಂದೆ, ಮಾತ್ರೆ ಕೊಟ್ಟಿದ್ದಾರೆ ಎಂದು ಒಂದು ಪೊಟ್ಟಣ ತೋರಿಸುತ್ತಿದ್ದಳು. ಆ ಪೊಟ್ಟಣದಲ್ಲಿದ್ದದ್ದು ಗ್ಯಾಸಿನ ಮಾತ್ರೆ ಎಂದು ಆಮೇಲೆ ಪ್ರಮೀಳ ಓದಿ ಹೇಳಿದಳು.

"ನೀನೂ ಒಂದು ಕಾರ್ಡು ಮಾಡಿಸು ಮಾರಾಯ್ತಿ, ಯಾಕೆ ಕೂತಿದ್ದಿ?" ಎಂದು ಸೆಲಿನ್ ಬಾಯಿ ಬೈಯುತ್ತಿದ್ದಳು.

"ಮುಂದಿನ ಸಲ" ಎನ್ನುತ್ತಿದ್ದಳು ವಾರಿಜ.

ಒಂದು ದಿನ ಅಡುಗೆಮನೆಯ ಹೊಸ್ತಿಲಿನಲ್ಲಿ ಕೂತವಳಿಗೆ ಏಳಲಾಗಲಿಲ್ಲ. ಸೆಲಿನ್ ಬಾಯಿಯೂ ನಾನೂ ರಿಕ್ಷಾದಲ್ಲಿ ಹಾಕಿ ಆಸ್ಪತ್ರೆಗೆ ಕೊಂಡುಹೋದೆವು. ಅಲ್ಲಿಯ ಡಾಕ್ಟರು ತುಂಬಾ ಮೆತ್ತಗೆ ಮಾತಾಡುವವರು.

"ಎರಡೂ ಕಿಡ್ನಿ ನಿಂತಿದೆ ಅಜ್ಜ. ಒಂದು ವರ್ಷ ಮೊದಲು ಗೊತ್ತಾಗಿದ್ರೆ ಮದ್ದಿನಲ್ಲೇ ಹಿಡೀಬಹುದಿತ್ತು. ನಿಮಗೆ ಏನೂ ಸೂಚನೆ ಸಿಗಲಿಲ್ವಾ?"

ನಾನು ಗೋಡೆಯ ಬದಿಯ ಬೆಂಚಿನ ಮೇಲೆ ಕೂತೆ. ಬೂತಾಯಿ ಮೀನು ನೆನಪಾಯಿತು. ಮೀನು ಹಿಡಿದಿದ್ದ ಎಡಗೈ ನೆನಪಾಯಿತು. ಅದರ ಕಿರುಬೆರಳು ನೆನಪಾಯಿತು. ಆ ಹೆಣ್ಣು ಸ್ವರ ನನ್ನ ಹೆಸರು ಹೇಳಿ ಕರೆದದ್ದು ಯಾರನ್ನು ಎಂದು ಆಗ ನನಗೆ ಗೊತ್ತಾಯಿತು.

ಅವಳು ಇದ್ದದ್ದು ನಾಲ್ಕು ದಿನ. ಮೂರನೇ ದಿನ ಎಚ್ಚರ ಇದ್ದಾಗ ನಾನು ಕೇಳಿದೆ: "ನಿನಗೆ ಗೊತ್ತಿತ್ತಾ?"

"ಮಾತ್ರೆ ತಿಂದ್ರಾ?" ಎಂದಳು.

"ವಾರಿಜ, ಗೊತ್ತಿತ್ತಾ ಅಂತ ಕೇಳಿದ್ದು."

"ಊಟ ಆದ ಮೇಲೆ ತಿನ್ಬೇಕು, ಖಾಲಿ ಹೊಟ್ಟೆಗೆ ಅಲ್ಲ" ಎಂದಳು. ಮತ್ತೆ ಮಾತಾಡಲಿಲ್ಲ.

ಮರಣದ ಕಾಗದದಲ್ಲಿ ಅರವತ್ತೆರಡು ಎಂದು ಬರೆದರು.

ಅದಾಗಿ ಅರ್ಧ ವರ್ಷಕ್ಕೆ ನನ್ನ ಕಾರ್ಡಿಗೆ ಮೂರು ವರ್ಷ ತುಂಬಿತು. ಹೊಸ ಹನಿ ಕೊಡಬೇಕು ಎಂದು ಪ್ರಮೀಳ ಕಾಗದ ತಂದಳು. ಜಗಲಿಯಲ್ಲಿ ಕೂತು ನನ್ನ ಕಿರುಬೆರಳನ್ನೇ ಚುಚ್ಚಿದೆ. ಬೇರೆ ಬೆರಳು ಮನೆಯಲ್ಲಿ ಇರಲಿಲ್ಲ.

ಹದಿನೈದು ದಿನದಲ್ಲಿ ಜಿಲ್ಲಾ ಪ್ರಯೋಗಾಲಯದಿಂದ ಕರೆ ಬಂತು. ಹೋದೆ. ತಣ್ಣಗಿನ ಉದ್ದ ಕೋಣೆ, ಎರಡೂ ಕಡೆ ಕಬ್ಬಿಣದ ಕಪಾಟು. ನಡುವೆ ಗೋಡೆಯ ತುಂಬ ಒಂದು ಪರದೆ, ಅದರಲ್ಲಿ ನಮ್ಮ ಜಿಲ್ಲೆಯ ನಕ್ಷೆ, ನಕ್ಷೆಯಲ್ಲಿ ಕೆಂಪು ಬೊಟ್ಟುಗಳು. ಪೆಟ್ಟಿಗೆ ಎಂದು ನಾವು ಕರೆಯುತ್ತಿದ್ದದ್ದು ಒಂದು ಹೊಲಿಗೆ ಯಂತ್ರದಷ್ಟು ದೊಡ್ಡದು, ಮೂಲೆಯಲ್ಲಿ ಸುಮ್ಮನೆ ಕೂತಿತ್ತು. ಅಲ್ಲಿಯ ಮೇಲಧಿಕಾರಿ ಡಾಕ್ಟರ್ ನಫೀಸಾ. ನಲವತ್ತು ದಾಟಿರಬಹುದು. ನನಗೆ ಕುರ್ಚಿ ಎಳೆದು ಕೊಟ್ಟರು.

"ಶೀನಣ್ಣ, ಹೆದರಬೇಡಿ. ಮೂರು ವರ್ಷದ ಹಿಂದಿನ ಹನಿಯೂ ಈಗಿನದ್ದೂ ತಾಳೆ ಆಗುದಿಲ್ಲ. ಮೊದಲಿನದ್ದಕ್ಕೆ ಎಪ್ಪತ್ತನಾಲ್ಕು. ಈಗಿನದ್ದಕ್ಕೆ ಅರವತ್ತಾರು. ಪ್ರಾಯ ಹಿಂದೆ ಹೋಗುದಿಲ್ಲ ಅಲ್ವಾ?"

ಅವರು ನನ್ನ ಅರ್ಜಿಯನ್ನು ನೋಡಿದರು. ಹಂಚಿನ ಕಾರ್ಖಾನೆ ಎಂದು ಬರೆದದ್ದನ್ನು ಬೆರಳಿನಲ್ಲಿ ಮುಟ್ಟಿ, ತಲೆ ಎತ್ತದೆ ಕೇಳಿದರು.

"ಕಾರ್ಖಾನೆ ಮುಚ್ಚಿದ ಮೇಲೆ ಬೀಡಿ ಕಟ್ಟಿದ್ರಾ?"

"ಹೌದು."

"ಪಾಸ್ ಪುಸ್ತಕ ಯಾರ ಹೆಸರಲ್ಲಿತ್ತು?"

ಅಷ್ಟು ಕೇಳಿದ್ದೇ ತಡ, ಎಲ್ಲ ಹೇಳಿದೆ. ಸೂಜಿ, ಕಿರುಬೆರಳು, ಮೀನು, ಬೆಂಚು, ಏನೂ ಬಿಡಲಿಲ್ಲ.

"ನನ್ನ ಉಮ್ಮನೂ ಬೀಡಿ ಕಟ್ಟಿದವರು" ಎಂದರು ಅವರು. "ನಾವು ಐದು ಜನ ಮಕ್ಕಳು ಕಟ್ಟಿದ್ದು ಅವರ ಪುಸ್ತಕದಲ್ಲೇ ಹೋದದ್ದು." ಎದ್ದು ಹೋಗಿ ನಕ್ಷೆಯ ಮುಂದೆ ನಿಂತರು. "ಈ ಕೆಂಪು ಬೊಟ್ಟು ನೋಡಿ. ಈ ಜಿಲ್ಲೆಯ ಗಂಡಸರ ಕಿಡ್ನಿ ಯಾಕೆ ಹೀಗೆ ಅಂತ ಎರಡು ವರ್ಷದಿಂದ ತಲೆ ಕೆಡಿಸಿಕೊಂಡಿದ್ದೇವೆ. ಕರೆದು ನೋಡಿದ್ರೆ ಒಬ್ಬನಿಗೂ ಏನೂ ಇಲ್ಲ. ನಕ್ಕುಕೊಂಡು ವಾಪಸ್ ಹೋಗ್ತಾರೆ. ಪೆಟ್ಟಿಗೆ ಕೆಟ್ಟಿದೆ ಅಂತ ನಾವು ಅದನ್ನೇ ಬಿಚ್ಚಿ ಬಿಚ್ಚಿ ನೋಡಿದ್ದು."

ನಾನೂ ನೋಡಿದೆ. ಹೊಳೆಬದಿಯ ಊರುಗಳಲ್ಲೆಲ್ಲ ಬೊಟ್ಟು. ಲೆಕ್ಕ ಮಾಡಲಿಲ್ಲ.

"ನೀವು ಚಿಕಿತ್ಸೆಗೆ ಬಾರದ್ದಕ್ಕೆ ನಿಮ್ಮ ಫೋನಿಗೆ ಹನ್ನೊಂದು ಸಲ ಕರೆ ಹೋಗಿದೆ. ಹನ್ನೊಂದು ಸಲವೂ ತಿಳಿಯಿತು ಅಂತ ಒತ್ತಿದ್ದಾರೆ" ಎಂದರು ನಫೀಸಾ.

ನಾನು ಒತ್ತಿದ್ದು ಒಂದು ಸಲ.

ಅವರು ಒಂದು ಕಪಾಟು ತೆರೆದು ನನ್ನ ಹಳೆಯ ಕಾಗದ ತಂದು ಮೇಜಿನ ಮೇಲೆ ಇಟ್ಟರು. ಮೇಲೆ ಶೀನಪ್ಪ. ಕೆಳಗಿನ ವೃತ್ತದಲ್ಲಿ ಒಣಗಿ ಕಂದಾದ ಹನಿ, ಕಾಚಿನ ಕಲೆಯ ಹಾಗೆ. ಅವಳ ಸೀರೆ ಸೆಲಿನ್ ಬಾಯಿಯ ಮನೆಗೆ ಹೋಗಿತ್ತು. ಬೂದಿ ಹೊಳೆಗೆ ಹೋಗಿತ್ತು. ಅವಳ ಮೈಯಿಂದ ಈ ಭೂಮಿಯ ಮೇಲೆ ಉಳಿದದ್ದು ಇದೊಂದು, ಅದೂ ನನ್ನ ಹೆಸರಿನ ಕೆಳಗೆ. ಕೈ ಚಾಚಿದೆ. ಮುಟ್ಟಬಹುದಾ ಎಂದು ಗೊತ್ತಾಗದೆ ಹಿಂದಕ್ಕೆ ತೆಗೆದೆ.

"ಇದಕ್ಕೆ ಎರಡು ದಾರಿ ಉಂಟು" ಎಂದರು ಅವರು. "ಹಳೇ ಹನಿ ಹಾಳಾಗಿದೆ ಅಂತ ನಾನು ಬರೆದ್ರೆ ಇದನ್ನು ಸುಡ್ತಾರೆ. ಯಾರೂ ಏನೂ ಕೇಳುದಿಲ್ಲ. ನಿಮ್ಮ ಕಾರ್ಡು ಇನ್ನೂ ಒಂದು ವರ್ಷ ನಡೀತದೆ, ಮಾತ್ರೆ ಬರ್ತದೆ. ಅಷ್ಟರಲ್ಲಿ ನಿಮ್ಮ ಕವಾಟದ ವಿಷಯ ಬರೆದು ಮೇಲಿನವರಿಗೆ ಬೇರೆ ಅರ್ಜಿ ಹಾಕುವ."

"ಇನ್ನೊಂದು?"

"ಹೆಸರು ತಿದ್ದುವುದು. ತಿದ್ದಿದ್ರೆ ನಿಮ್ಮ ಕಾರ್ಡು ಇವತ್ತೇ ಹೋಗ್ತದೆ. ವಿಚಾರಣೆ ಬರಬಹುದು. ಮಾತ್ರೆ ನಿಮ್ಮ ಕೈಯಿಂದಲೇ. ನಿಮಗೆ ಆಗ್ತದಾ ಅದು?"

ಆಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು.

"ತಿದ್ದಿದ್ರೆ ಬೇರೆ ಎಂತ ಆಗ್ತದೆ ಡಾಕ್ಟ್ರೇ?"

ಅವರು ಮೂಲೆಯ ಕಡೆ ಕೈ ತೋರಿಸಿದರು. "ಪೆಟ್ಟಿಗೆ ಕಲಿಯುವುದು ತನ್ನಲ್ಲಿರುವ ಹನಿಯಿಂದ. ಈಗ ಅರ್ಜಿಯ ಲೆಕ್ಕದಲ್ಲಿ ಅದಕ್ಕೆ ಇದು ಹಂಚಿನ ಕಾರ್ಖಾನೆಯ ಗಂಡಸು. ತಿದ್ದಿದ್ರೆ ಬೀಡಿ ಕಟ್ಟಿದ ಹೆಂಗಸು. ಆಗ ಅಂಥ ಕೆಂಪು ಬೊಟ್ಟು ಬಂದ ಮನೆಗೆಲ್ಲ ಫೋನು ಮಾಡದೆ ನಾವೇ ಹೋಗಿ, ಹೆಂಗಸರನ್ನು ಕರೆದು ನೋಡಬಹುದು. ಅದಕ್ಕೆ ತಿದ್ದಿದ ಹನಿ ಒಂದಾದ್ರೂ ಬೇಕು. ಬರೀ ನನ್ನ ಮಾತು ಸಾಕಾಗುದಿಲ್ಲ."

ಇಷ್ಟು ಹೇಳಿ ತಾನೇ ಹೆದರಿದವರ ಹಾಗೆ, "ನೀವು ಮನೆಗೆ ಹೋಗಿ ಆಲೋಚಿಸಿ ಬನ್ನಿ ಶೀನಣ್ಣ. ಅವಸರ ಇಲ್ಲ" ಎಂದರು.

ಮನೆಯಲ್ಲಿ ಆಲೋಚಿಸಲು ಯಾರ ಹತ್ತಿರ ಕೇಳಲಿ? ಅವಳ ಹತ್ತಿರ ಕೇಳಿದರೆ ಮಾತ್ರೆ ತಿಂದ್ರಾ ಎನ್ನುತ್ತಿದ್ದಳು. ಮೊದಲ ದಾರಿಯನ್ನೇ ಹಿಡಿಸುತ್ತಿದ್ದಳು. ಇಷ್ಟು ವರ್ಷ ಅವಳ ಮಾತು ಕೇಳಿದವನು ನಾನು.

"ಪೆನ್ನು ಕೊಡಿ" ಎಂದೆ.

ತಿದ್ದುಪಡಿಯ ಕಾಗದದಲ್ಲಿ ಅವರು ಬೆರಳು ಇಟ್ಟು ತೋರಿಸಿದ ಜಾಗದಲ್ಲಿ ಬರೆದೆ. ಬ್ರಾಂಚಿನ ಪುಸ್ತಕದಲ್ಲಿ ಬರೆದು ಬರೆದು ಕೈಗೆ ಬಂದಿದ್ದ ಹೆಸರು. ವಾ. ರಿ. ಜ. ಪ್ರಾಯದ ಜಾಗಕ್ಕೆ ಬಂದಾಗ ನಿಲ್ಲಿಸಿದೆ.

"ಕಾಗದದ್ದು ಬರೀಬೇಕಾ, ಪೆಟ್ಟಿಗೆಯದ್ದಾ?"

"ನಿಮಗೆ ಯಾವುದು ಸರಿ ಕಾಣ್ತದೋ ಅದು."

ಎಪ್ಪತ್ತನಾಲ್ಕು ಎಂದು ಬರೆದೆ. ನಫೀಸಾ ಕನ್ನಡಕ ತೆಗೆದು ಒರೆಸಿ, ಪುನಃ ಹಾಕಿಕೊಂಡು, ಅದನ್ನೆಲ್ಲ ಪರದೆಗೆ ಹತ್ತಿಸಿದರು. ಮೂಲೆಯಲ್ಲಿ ಕೂತಿದ್ದ ಪೆಟ್ಟಿಗೆ ಒಮ್ಮೆ ಗುಂಯ್ ಎಂದಿತು, ಅಷ್ಟೇ.

ಅಂಗಳಕ್ಕೆ ಇಳಿದಿದ್ದೆ. ಬಸ್ಸಿಗೆ ಯಾವ ಕಡೆ ಹೋಗಬೇಕು ಎಂದು ನೋಡುತ್ತಿದ್ದೆ. ಅಂಗಿಯ ಕಿಸೆಯಲ್ಲಿ ಫೋನು ಹೊಡೆದುಕೊಂಡಿತು. ಅದೇ ಹೆಣ್ಣು ಸ್ವರ.

"ವಾರಿಜ ಅವರೇ, ನಮಸ್ಕಾರ. ನಿಮ್ಮ ದೇಹಕ್ಕೆ ಎಪ್ಪತ್ತನಾಲ್ಕು ವರ್ಷ. ನೀವು ವಿಮೆಗೆ ಅರ್ಹರು. ನಿಮ್ಮ ಎರಡೂ ಮೂತ್ರಪಿಂಡಗಳು ಸೋಲುತ್ತಿರುವ ಲಕ್ಷಣ ಇದೆ. ಮೂವತ್ತು ದಿನದೊಳಗೆ ಚಿಕಿತ್ಸೆಗೆ ಬನ್ನಿ. ತಿಳಿಯಿತು ಎಂದಾದರೆ ಒಂದು ಒತ್ತಿ."

ಅವಳು ತೀರಿಹೋದದ್ದನ್ನು ಅದಕ್ಕೆ ಇನ್ನೂ ಯಾರೂ ಹೇಳಿರಲಿಲ್ಲ. ಕಾಗದದಲ್ಲಿ ಆ ಜಾಗ ಎಲ್ಲಿತ್ತೋ, ನಾನೂ ಬರೆಯಲಿಲ್ಲ, ಅವರೂ ಕೇಳಲಿಲ್ಲ. ಒಳಗೆ ಹೋಗಿ ಹೇಳಬೇಕಿತ್ತು. ಹೇಳಿದ್ದೇನೆ, ಆದರೆ ಅದು ಎಷ್ಟೋ ದಿನ ಕಳೆದ ಮೇಲೆ.

ಆ ದಿನ ಬಿಸಿಲಲ್ಲಿ ಫೋನನ್ನು ಕಿವಿಗೆ ಹಿಡಿದು, ಸ್ವರ ನಿಲ್ಲುವವರೆಗೂ ನಿಂತೆ. ಒಂದು ಒತ್ತಲಿಲ್ಲ. ಒತ್ತದಿದ್ದರೆ ಅದು ಪುನಃ ಕರೆಯುತ್ತದೆ.